ಹತ್ತು ಪಿನ್ನು, ಮೂರು ಪಾಳಿ

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ಈ ಮೇಜಿನ ಮೇಲೆ ಇರುವುದು ಹೂದಾನಿ ಅಲ್ಲ. ನಾನು ಇದನ್ನು ಇಟ್ಟು, ಕೋಟು ತೂಗುಹಾಕಿ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಪಕ್ಕದಲ್ಲಿ ಕುಂಕುಮದ ಬಟ್ಟಲು ಇಟ್ಟಿದ್ದಾರೆ. ಇರಲಿ, ತೆಗೆಯಬೇಡಿ. ಇದು ಬೌಲಿಂಗ್ ಪಿನ್. 15 ಇಂಚು ಎತ್ತರ, ಮೂರೂವರೆ ಪೌಂಡ್ ಆಸುಪಾಸು ತೂಕ. ಒಳಗೆ ಮೇಪಲ್ ಮರ, ಮೇಲೆ ಪ್ಲಾಸ್ಟಿಕ್ ಹೊದಿಕೆ. ನಮ್ಮ ಮನೆ ಹತ್ತಿರದ ಬೌಲಿಂಗ್ ಹಾಲ್ ಹೋದ ತಿಂಗಳು ಮುಚ್ಚಿತು. ಸಾಮಾನೆಲ್ಲ ಹರಾಜಿಗೆ ಇಟ್ಟಿದ್ದರು. ಶೂ, ಕುರ್ಚಿ, ಬಿಯರ್ ಕಂಪನಿಯ ಬೋರ್ಡು, ಎಲ್ಲ. ನಾನು ಇದೊಂದನ್ನು ತಂದೆ. ನಮ್ಮ ಮನೆಯವರು "ಇದನ್ನ ಎಲ್ಲಿಡ್ತೀರಿ?" ಅಂತ ಕೇಳಿದರು. ಉತ್ತರ ಇರಲಿಲ್ಲ. ಅದಕ್ಕೆ ಸದ್ಯಕ್ಕೆ ಇಲ್ಲಿ ಇಟ್ಟಿದ್ದೇನೆ.

ನಮ್ಮ ಕೂಟದ ಕಾರ್ಯದರ್ಶಿಗಳು ಫೋನ್ ಮಾಡಿ ವಿಷಯ ಏನು ಅಂತ ಕೇಳಿದರು. ಬೌಲಿಂಗ್ ಅಂದೆ. "ಓಹೋ, ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ! ಒಳ್ಳೇ ವಿಷಯ ಸಾರ್" ಅಂದರು. ಅಲ್ಲಪ್ಪಾ, ಈ ಊರಿನ ಬೌಲಿಂಗು, ಹತ್ತು ಪಿನ್ನಿನದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಲವತ್ತು ನಿಮಿಷ ಸಾಕಾಗುತ್ತಾ ಸಾರ್?" ಅಂದರು. ಅವರ ಮನಸ್ಸಿನಲ್ಲಿ ಇದ್ದದ್ದು "ಅಷ್ಟು ಬೇಕಾಗುತ್ತಾ" ಅನ್ನುವುದು. ಮರ್ಯಾದೆಸ್ಥರು, ತಿರುಗಿಸಿ ಕೇಳಿದರು.

ನೀವೆಲ್ಲ ಮಿಶಿಗನ್‌ನಲ್ಲೇ ಇರುವವರು. ಮಕ್ಕಳ ಬರ್ತ್‌ಡೇ ಪಾರ್ಟಿ ಅಂತ ಎಲ್ಲರೂ ಒಂದಲ್ಲ ಒಂದು ಸಲ ಆ ಬಾಡಿಗೆ ಶೂ ಹಾಕಿದವರೇ. ಆಟ ಹೇಗೆ ಅಂತ ಉದ್ದಕ್ಕೆ ವಿವರಿಸುವುದಿಲ್ಲ. ಚೆಂಡು ಉರುಳಿಸಿ ಆ ತುದಿಯಲ್ಲಿ ನಿಲ್ಲಿಸಿದ ಹತ್ತು ಪಿನ್ ಬೀಳಿಸಬೇಕು, ಅಷ್ಟೇ. ಗೆರೆಯಿಂದ ಮೊದಲನೇ ಪಿನ್ನಿಗೆ 60 ಅಡಿ, ಚೆಂಡು ಹೆಚ್ಚೆಂದರೆ 16 ಪೌಂಡ್, ಎರಡೂ ಕಡೆ ಮೋರಿ. ನನ್ನ ಚೆಂಡಿಗೆ ಆ ಮೋರಿಯ ಮೇಲೆ ಇರುವಷ್ಟು ಪ್ರೀತಿ ಬೇರೆ ಯಾವುದರ ಮೇಲೂ ಇಲ್ಲ.

ನಾನು ಮಾತಾಡಲು ಬಂದಿರುವುದು 1940ರಿಂದ 1960ರ ದಶಕದವರೆಗಿನ ಕಾಲದ ಬಗ್ಗೆ. ಆಗ ಈ ದೇಶಕ್ಕೆ ಬೌಲಿಂಗ್ ಹುಚ್ಚು ಹಿಡಿದಿತ್ತು. 1960ರ ದಶಕದ ನಡುವೆ ದೇಶದಲ್ಲಿ ಸುಮಾರು 12,000 ಬೌಲಿಂಗ್ ಸೆಂಟರ್ ಇದ್ದವು. ಯಾಕೆ ಹೀಗಾಯಿತು ಅಂತ ಯಾರನ್ನಾದರೂ ಕೇಳಿ, ಎರಡು ಕಾರಣ ಹೇಳುತ್ತಾರೆ. ಪಿನ್ ಜೋಡಿಸುವ ಮೆಷಿನ್ ಬಂತು, ಟೀವಿ ಬಂತು. ಎರಡೂ ಸುಳ್ಳಲ್ಲ. ಆದರೆ ನನಗೆ ಬೇರೆ ಒಂದು ಹಟ ಇದೆ. ಈ ಆಟವನ್ನು ಬೆಳೆಸಿದ್ದು ಫ್ಯಾಕ್ಟರಿ ಪಾಳಿ. ಶಿಫ್ಟು. ಇವತ್ತು ಈ ಮಾತನ್ನು ಐದಾರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ದಾವಣಗೆರೆಯವನು. ನಮ್ಮ ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ನಮ್ಮ ಓಣಿಯಲ್ಲಿ ಗಡಿಯಾರ ಇದ್ದ ಮನೆಗಳು ಕಡಿಮೆ, ಗಿರಣಿ ಸೈರನ್ನೇ ಗಡಿಯಾರ. ಸೈರನ್ ಆಯಿತು ಅಂದರೆ ಹಾಲು ಕಾಯಿಸುವ ಹೊತ್ತು, ಇನ್ನೊಂದು ಸೈರನ್ನಿಗೆ ನಾವು ಮಲಗುವ ಹೊತ್ತು. ಪಾಳಿ ಬಿಟ್ಟ ಮೇಲೆ ಅಪ್ಪ ನೇರ ಮನೆಗೆ ಬರುತ್ತಿರಲಿಲ್ಲ. ಮಂಡಕ್ಕಿ ಅಂಗಡಿ ಮುಂದೆ ಒಂದು ಗಂಟೆ. ಮಂಡಕ್ಕಿ, ಮಿರ್ಚಿ, ಒಂದು ಚಹಾ, ಮಾತು. ಅಮ್ಮ ದಿನಾ ಬೈಯುತ್ತಿದ್ದರು. ನನಗೆ ಅರ್ಥವಾಗಿದ್ದು ನಾನೇ ಇಲ್ಲಿ ಬಂದು ಫ್ಯಾಕ್ಟರಿ ಸೇರಿದ ಮೇಲೆ. ಎಂಟು ಗಂಟೆ ಮೆಷಿನ್ ಗಲಾಟೆಯಲ್ಲಿ ನಿಂತವನಿಗೆ ಮನೆ ಬಾಗಿಲು ತಟ್ಟುವ ಮೊದಲು ನಡುವೆ ಒಂದು ಜಾಗ ಬೇಕು. ದಾವಣಗೆರೆಗೆ ಅದು ಮಂಡಕ್ಕಿ ಅಂಗಡಿ. ಡೆಟ್ರಾಯಿಟ್‌ಗೆ ಬೌಲಿಂಗ್ ಹಾಲ್.

ಹಳೆಯ ಚರಿತ್ರೆ ಬೇಗ ಮುಗಿಸುತ್ತೇನೆ. ಆಟ ತಂದವರು ಜರ್ಮನರು. ಆಗ ಒಂಬತ್ತು ಪಿನ್ನು. ಜೂಜು ಜಾಸ್ತಿಯಾಯಿತು ಅಂತ ಕನೆಟಿಕಟ್ ರಾಜ್ಯ 1841ರಲ್ಲಿ ಒಂಬತ್ತು ಪಿನ್ನಿನ ಆಟ ನಿಷೇಧಿಸಿತು. ಆಗ ಯಾರೋ ಕಿಲಾಡಿ ಇನ್ನೊಂದು ಪಿನ್ ಸೇರಿಸಿ, "ಇದು ಒಂಬತ್ತಲ್ಲ ಸ್ವಾಮಿ, ಹತ್ತು" ಅಂದನಂತೆ. ಕಥೆ ಚೆನ್ನಾಗಿದೆ, ನಂಬಬೇಕಾಗಿಲ್ಲ. ನಂಬಬೇಕಾದದ್ದು 1895. ಆ ವರ್ಷ ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಹುಟ್ಟಿತು. ಕಾಂಗ್ರೆಸ್ ಅಂದರೆ ನಮ್ಮ ಕಾಂಗ್ರೆಸ್ ಅಲ್ಲ, ಆಡುವವರ ಸಂಘ. ಪಿನ್ ಎಷ್ಟೆತ್ತರ, ಚೆಂಡು ಎಷ್ಟು ತೂಕ, ಎಲ್ಲಕ್ಕೂ ಒಂದು ಲೆಕ್ಕ ಮಾಡಿತು. ಈ ಸಂಘದ ಹೆಸರು ನೆನಪಿಡಿ, ಮುಂದೆ ಇದರ ಜೊತೆ ಜಗಳ ಇದೆ.

ಈಗ ಲಗೋರಿ.

ಲಗೋರಿ ಆಡಿದವರು ಕೈ ಎತ್ತಿ. ಎಲ್ಲರೂ! ಮಕ್ಕಳೇ, ಆಡದವರು ಮನೆಗೆ ಹೋಗಿ ಅಜ್ಜ ಅಜ್ಜಿಯನ್ನ ಕೇಳಿ. ಏಳು ಕಲ್ಲು ಜೋಡಿಸಿ ಚೆಂಡಿನಿಂದ ಬೀಳಿಸುವುದು. ಬೀಳಿಸುವುದು ಸುಲಭ. ಬಿದ್ದ ಕಲ್ಲನ್ನು ಮತ್ತೆ ಜೋಡಿಸಬೇಕಲ್ವಾ, ಅಲ್ಲೇ ಬೆನ್ನಿಗೆ ಏಟು ಬೀಳುವುದು. ಬೀಳಿಸಿದವನೇ ಜೋಡಿಸಬೇಕು, ಅದು ಲಗೋರಿಯ ನಿಯಮ. ಬೌಲಿಂಗ್‌ನಲ್ಲಿ ಆ ನಿಯಮ ಇಲ್ಲ. ಬೀಳಿಸುವವನು ಈ ಕಡೆ, ಬಿಯರ್ ಹಿಡಿದು. ಜೋಡಿಸುವವನು ಆ ಕಡೆ.

ಆ ಕಡೆ ಇದ್ದವನು ಪಿನ್ ಬಾಯ್. ಹೆಸರೇ ಹುಡುಗ. ಲೇನಿನ, ಅಂದರೆ ಚೆಂಡು ಉರುಳುವ ಹಾದಿಯ, ಕೊನೆಯ ಗುಂಡಿಯ ಮೇಲೆ ಕಾಲು ಎತ್ತಿಕೊಂಡು ಕೂತಿರುತ್ತಿದ್ದ. ಚೆಂಡು ಬಂದು ಬಡಿದ ತಕ್ಷಣ ಕೆಳಗೆ ಹಾರಬೇಕು. ಚೆಂಡು ಎತ್ತಿ ಇಳಿಜಾರಿನ ಹಳಿಗೆ ಹಾಕಬೇಕು, ಬಿದ್ದ ಪಿನ್ ಬಾಚಬೇಕು, ಮತ್ತೆ ಜೋಡಿಸಬೇಕು, ಮತ್ತೆ ಮೇಲೆ ಹಾರಬೇಕು. ಪಕ್ಕದ ಲೇನಿನ ಪಿನ್ ಹಾರಿ ಮೊಣಕಾಲಿಗೆ ಬಡಿದರೆ ಅದು ಅವನ ಹಣೆಬರಹ. ಒಂದು ಆಟಕ್ಕೆ ಕೆಲವು ಸೆಂಟ್ ಕೂಲಿ. ಖುಷಿಯಾದ ಆಟಗಾರ ಚೆಂಡಿನ ಬೆರಳು ತೂತಿನಲ್ಲಿ ಒಂದು ನಾಣ್ಯ ಸಿಕ್ಕಿಸಿ ಉರುಳಿಸಿದರೆ ಅದು ಟಿಪ್ಸು. 1910ರಲ್ಲಿ ಲೂಯಿಸ್ ಹೈನ್ ಬ್ರೂಕ್ಲಿನ್‌ನ ಒಂದು ಬೌಲಿಂಗ್ ಹಾಲ್‌ನಲ್ಲಿ ಈ ಹುಡುಗರ ಫೋಟೋ ತೆಗೆದರು. ಬಾಲಕಾರ್ಮಿಕರ ಫೋಟೋ ತೆಗೆದು ದೇಶದ ಕಣ್ಣು ತೆರೆಸಿದರಲ್ಲ, ಅದೇ ಹೈನ್. ಆ ಫೋಟೋ ತೆಗೆದಾಗ ಹೊತ್ತು ರಾತ್ರಿ ಒಂದು ಗಂಟೆ. ಹುಡುಗರ ಮುಖ ನೋಡಿದರೆ ನಮ್ಮ ಹೋಟೆಲ್ ಮಾಣಿಗಳ ನೆನಪಾಗುತ್ತದೆ.

ಹೊರಗೆ ದುಡಿಯುವವರ ಪಾಳಿ ಬಿಟ್ಟ ಮೇಲೆ ಒಳಗೆ ಈ ಹುಡುಗರ ಪಾಳಿ ಶುರು. ನೋಡಿ, ಬಂತು ನನ್ನ ಮಾತು.

ಎರಡನೇ ಮಹಾಯುದ್ಧ ಬಂತು. ಈ ನಮ್ಮ ಡೆಟ್ರಾಯಿಟ್ ಸುತ್ತಮುತ್ತ ಕಾರು ನಿಂತು ಟ್ಯಾಂಕು, ವಿಮಾನ ಶುರುವಾಯಿತು. ವಿಲೋ ರನ್ ಫ್ಯಾಕ್ಟರಿ ಪೂರ್ತಿ ಹುರುಪಿನಲ್ಲಿದ್ದಾಗ ಗಂಟೆಗೊಂದು ಬಾಂಬರ್ ವಿಮಾನ ಹೊರಗೆ ಬರುತ್ತಿತ್ತು. ಇಪ್ಪತ್ನಾಲ್ಕು ಗಂಟೆ ಕೆಲಸ. ರಾತ್ರಿ ಹನ್ನೆರಡಕ್ಕೆ ಪಾಳಿ ಬಿಟ್ಟವರು ಎಲ್ಲಿಗೆ ಹೋಗಬೇಕು? ಬೇಸ್‌ಬಾಲ್ ಆಡಲು ಕತ್ತಲು. ಹೊರಗೆ ಚಳಿ, ಅದು ಎಂಥದ್ದು ಅಂತ ನಿಮಗೆ ಹೇಳಬೇಕಾಗಿಲ್ಲ. ಸೂರು ಇರುವ, ದೀಪ ಇರುವ, ಬಿಯರ್ ಸಿಗುವ, ಹೆಂಗಸರೂ ಬರಬಹುದಾದ ಜಾಗ ಅಂದರೆ ಬೌಲಿಂಗ್ ಹಾಲ್. ಒಂದು ಇಲಾಖೆಗೆ ಒಂದು ತಂಡ. ವಾರಕ್ಕೊಂದು ರಾತ್ರಿ ಗೊತ್ತು. ಆದರೆ ಪಿನ್ ಜೋಡಿಸುವ ಹುಡುಗರು ಎಲ್ಲಿ? ಸ್ವಲ್ಪ ದೊಡ್ಡವರು ಸೈನ್ಯಕ್ಕೆ ಹೋದರು. ಉಳಿದವರಿಗೆ ಫ್ಯಾಕ್ಟರಿಯಲ್ಲೇ ಒಳ್ಳೆ ಸಂಬಳ. ಚಿಕ್ಕವರನ್ನ ರಾತ್ರಿ ಕೆಲಸಕ್ಕೆ ಇಟ್ಟುಕೊಂಡರೆ ಕಾನೂನು ಅಡ್ಡ. ಆಡುವವರು ಸಾಲುಗಟ್ಟಿ ನಿಂತಿದ್ದಾರೆ, ಜೋಡಿಸುವವರು ಇಲ್ಲ. ಮೆಷಿನ್ ಬೇಕಾದದ್ದು ಇದಕ್ಕೆ. ಪಾಳಿ ಮೊದಲು, ಮೆಷಿನ್ ಆಮೇಲೆ.

ಮೆಷಿನ್ ಕಥೆ ನನಗೆ ತುಂಬಾ ಇಷ್ಟ. ಇದಕ್ಕೆ ಐದು ನಿಮಿಷ ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಅಷ್ಟರಲ್ಲಿ ಮುಗಿಯುವುದಿಲ್ಲ ಅಂತ ನನಗೂ ಗೊತ್ತು.

ನ್ಯೂಯಾರ್ಕ್ ರಾಜ್ಯದಲ್ಲಿ ಪರ್ಲ್ ರಿವರ್ ಅಂತ ಒಂದು ಸಣ್ಣ ಊರು. ಅಲ್ಲಿ ಪುಸ್ತಕ ಮುದ್ರಣಕ್ಕೆ ಬೇಕಾದ, ಕಾಗದ ಮಡಿಚುವ ಮೆಷಿನ್ ಮಾಡುವ ಒಂದು ಕಂಪನಿ. ಅದರಲ್ಲಿ ಗಾಟ್‌ಫ್ರೀಡ್ ಶ್ಮಿಟ್ ಅಂತ ಒಬ್ಬ ಎಂಜಿನಿಯರ್, ಎಲ್ಲರೂ ಕರೆಯುವುದು ಫ್ರೆಡ್. ಈಗ ಕಾಗದದ ಕಷ್ಟ ಯೋಚಿಸಿ. ಒಂದು ಕಟ್ಟಿನಿಂದ ಒಂದೇ ಒಂದು ಹಾಳೆ ಎತ್ತಬೇಕು, ಹರಿಯಬಾರದು, ಎರಡು ಬರಬಾರದು. ಕೈಯಲ್ಲಾದರೆ ನಾವು ಬೆರಳಿಗೆ ಎಂಜಲು ಹಚ್ಚಿ ಎತ್ತುತ್ತೇವೆ. ಮೆಷಿನ್ನಿಗೆ ಎಂಜಲಿಲ್ಲ. ಗಾಳಿ ಹೀರಿ ಎತ್ತುತ್ತದೆ. ಸ್ಟ್ರಾ ತುದಿಗೆ ಕಾಗದ ಅಂಟಿಸಿಕೊಂಡು ಮಕ್ಕಳು ಆಡುತ್ತಾರಲ್ಲ, ಅದೇ. ದಿನಾ ಅದನ್ನ ನೋಡುತ್ತಿದ್ದ ಮನುಷ್ಯನಿಗೆ ಒಂದು ಯೋಚನೆ ಬಂತು. ಗಾಳಿ ಹೀರಿ ಕಾಗದ ಎತ್ತಬಹುದಾದರೆ ಪಿನ್ ಯಾಕೆ ಎತ್ತಬಾರದು?

ಇದು 1936ರ ಸುಮಾರಿನ ಮಾತು. ಶ್ಮಿಟ್ ಮನೆಯ ಹತ್ತಿರ ಟರ್ಕಿ ಕೋಳಿ ಸಾಕುವ ಒಂದು ಹಳೇ ಶೆಡ್ ಇತ್ತಂತೆ. ಅದರಲ್ಲಿ ಕೂತು ಕಟ್ಟಲು ಶುರು ಮಾಡಿದ. ಸಾಮಾನು ಏನು? ಹೂಕುಂಡ, ಲ್ಯಾಂಪಿನ ಶೇಡು, ಸೈಕಲ್ ಬಿಡಿಭಾಗ. ಲ್ಯಾಂಪ್ ಶೇಡನ್ನು ತಲೆಕೆಳಗೆ ಮಾಡಿದರೆ ಪಿನ್ನಿನ ತಲೆ ಹಿಡಿಯುವ ಬಟ್ಟಲು ಆಯಿತಲ್ಲ. ಅವನ ಹೆಂಡತಿ ಏನಂದಿರಬಹುದು ಅಂತ ಯಾರೂ ಬರೆದಿಟ್ಟಿಲ್ಲ. ಒಂದು ದಿನ ಸಂಜೆ ಕೋಣೆಯ ದೀಪ ಹಾಕಲು ಹೋಗಿದ್ದಾರೆ, ಬಲ್ಬ್ ಬತ್ತಲೆ ನಿಂತಿದೆ. "ಇದರ ಟೋಪಿ ಎಲ್ರೀ?" ಇದು ಚರಿತ್ರೆಯಲ್ಲ, ನನ್ನ ಸಂಸಾರದ ಅನುಭವ.

ಟರ್ಕಿ ಅಂದಾಗ ನನ್ನದೇ ಒಂದು ಕಥೆ. 1980ರ ದಶಕ. ನಾನು ಕೆಲಸಕ್ಕಿದ್ದ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಮಂಗಳವಾರ ರಾತ್ರಿ ಲೀಗ್. ಒಬ್ಬ ಆಟಗಾರ ಕಡಿಮೆ ಬಿದ್ದ ಅಂತ ನನ್ನನ್ನು ಎಳೆದುಕೊಂಡು ಹೋದರು. ಮೊದಲ ವಾರ ಪೂರ್ತಿ ಮೋರಿ. ಎರಡನೇ ವಾರ ಚೆಂಡಿನಲ್ಲಿ ಹೆಬ್ಬೆರಳು ಸಿಕ್ಕಿಹಾಕಿಕೊಂಡು, ಚೆಂಡಿನ ಜೊತೆ ನಾನೂ ಎರಡು ಹೆಜ್ಜೆ ಲೇನಿನಲ್ಲಿ ಹೋಗಿಬಂದೆ. ಮೂರನೇ ವಾರ ಯಾವ ದೇವರು ಬಂದನೋ, ಸತತ ಮೂರು ಸ್ಟ್ರೈಕ್, ಅಂದರೆ ಮೂರು ಸಲವೂ ಒಂದೇ ಚೆಂಡಿಗೆ ಹತ್ತೂ ಪಿನ್! ಎಲ್ಲರೂ ಬಂದು ಕೈ ಕುಲುಕಿ "ಟರ್ಕಿ, ಟರ್ಕಿ" ಅಂತ ಕೂಗಿದರು. ಗೆದ್ದವನಿಗೆ ಊಟ ಕೊಡಿಸುತ್ತಿದ್ದಾರೆ ಅಂದುಕೊಂಡು ನಾನು ಬಹಳ ವಿನಯದಿಂದ, "ಥ್ಯಾಂಕ್ಸ್, ನಾನು ವೆಜಿಟೇರಿಯನ್" ಅಂದೆ. ಆ ಇಡೀ ಸೀಸನ್ ನನ್ನ ಹೆಸರು ವೆಜಿಟೇರಿಯನ್ ಅಂತಲೇ ಆಯಿತು, ಸ್ಕೋರ್ ಶೀಟಿನಲ್ಲೂ. ಸತತ ಮೂರು ಸ್ಟ್ರೈಕಿಗೆ ಟರ್ಕಿ ಅಂತ ಹೆಸರು ಬಂದದ್ದಕ್ಕೆ ಕಾರಣ, ಹಿಂದೆ ಹಬ್ಬದ ಸಮಯದಲ್ಲಿ ಮಾಲೀಕರು ಹಾಗೆ ಹೊಡೆದವರಿಗೆ ನಿಜವಾಗಿ ಒಂದು ಟರ್ಕಿ ಕೋಳಿ ಕೊಡುತ್ತಿದ್ದರಂತೆ. ಅಂದರೆ ನನ್ನ ಅನುಮಾನ ಪೂರ್ತಿ ತಪ್ಪೇನಲ್ಲ.

ಎಲ್ಲಿದ್ದೆ? ಶೆಡ್ಡಿನಲ್ಲಿ. ಶ್ಮಿಟ್‌ನ ಯಂತ್ರವನ್ನು ಕೊನೆಗೆ ತೆಗೆದುಕೊಂಡದ್ದು ಎಎಂಎಫ್. ಪೂರ್ತಿ ಹೆಸರು ಅಮೆರಿಕನ್ ಮೆಷಿನ್ ಆಂಡ್ ಫೌಂಡ್ರಿ. ಆ ಕಂಪನಿ ಅಲ್ಲಿಯವರೆಗೆ ಮಾಡುತ್ತಿದ್ದದ್ದು ಸಿಗರೇಟು ಸುತ್ತುವ ಮೆಷಿನ್, ಬೇಕರಿ ಮೆಷಿನ್. ಯುದ್ಧ ಮುಗಿದು 1946ರಲ್ಲಿ, ಬಫಲೋ ಊರಿನಲ್ಲಿ ದೊಡ್ಡ ಟೂರ್ನಿ ನಡೆಯುವಾಗ, ಮೆಷಿನ್ನನ್ನು ಜನಕ್ಕೆ ತೋರಿಸಿದರು. ಸುಮಾರು ಎರಡು ಟನ್ ತೂಕ. ಜನ ಬೆರಗಾದರು. ಆದರೆ ಮಾರುವಷ್ಟು ಪಳಗಿಸಲು ಇನ್ನೂ ಐದಾರು ವರ್ಷ ಹಿಡಿಯಿತು. ಕೊನೆಗೆ 1950ರ ದಶಕದ ಆರಂಭದಲ್ಲಿ ಮೊದಲು ಕೂರಿಸಿದ್ದು ಎಲ್ಲಿ ಗೊತ್ತಾ? ಇಲ್ಲೇ, ನಮ್ಮ ಮೌಂಟ್ ಕ್ಲೆಮೆನ್ಸ್‌ನಲ್ಲಿ! ಅಲ್ಲಿಂದ ಬಂದವರು ಯಾರಾದರೂ ಇದ್ದೀರಾ? ಹಾಂ, ಅಲ್ಲಿ ಇಬ್ಬರು. ಚಪ್ಪಾಳೆ ಅವರಿಗೂ ಸಲ್ಲಬೇಕು.

ನಮ್ಮ ಲೀಗಿನ ಹಾಲ್‌ನಲ್ಲಿ ಒಮ್ಮೆ ಪಿನ್ ಸಿಕ್ಕಿಕೊಂಡು ಲೇನ್ ನಿಂತಿತು. ಎಂಜಿನಿಯರ್ ಅಂತ ಹೇಳಿಕೊಂಡು ನಾನು ಮೆಕ್ಯಾನಿಕ್ ಹಿಂದೆ ಒಳಗೆ ಹೋದೆ. ಮುಂದೆ ತಂಪು ಗಾಳಿ, ಬಣ್ಣದ ದೀಪ. ಹಿಂದೆ ಎಣ್ಣೆ ವಾಸನೆ, ಕಿವಿ ಕಿತ್ತುಹೋಗುವ ಸದ್ದು. ಅಗಲವಾದ ಪಟ್ಟಿ ಬಿದ್ದ ಪಿನ್ನುಗಳನ್ನು ಹಿಂದಕ್ಕೆ ದೂಡುತ್ತದೆ. ನಮ್ಮ ಕಡೆಯ ರಾಟೆ ಬಾವಿಯಿಂದ ನೀರು ಎತ್ತುವ ಹಾಗೆ ದೊಡ್ಡ ಚಕ್ರ ಒಂದೊಂದೇ ಪಿನ್ ಮೇಲಕ್ಕೆ ಒಯ್ಯುತ್ತದೆ. ಒಂದು ತೋಳು ಅದನ್ನು ಗೊತ್ತಾದ ಬಟ್ಟಲಿಗೆ ಹಾಕಿಬರುತ್ತದೆ. ಮೆಕ್ಯಾನಿಕ್ ಒಬ್ಬನೇ ಇಪ್ಪತ್ತು ಮೆಷಿನ್ ನಡುವೆ ಓಡಾಡುತ್ತಿದ್ದ. ಅದು ನನಗೆ ಥೇಟ್ ಅಪ್ಪನ ಗಿರಣಿ. ಆಟದ ಹಿಂದೆ ಒಂದು ಫ್ಯಾಕ್ಟರಿ ಇಟ್ಟಿದ್ದರು ಅಷ್ಟೇ.

ಈಗ ನಾನು ಬಂದ ಮುಖ್ಯ ಮಾತಿಗೆ ಬರುತ್ತೇನೆ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ, ನೋಡಲಿ.

ಆ ಸಂಘ ಇತ್ತಲ್ಲ, ಬೌಲಿಂಗ್ ಕಾಂಗ್ರೆಸ್. 1916ರಿಂದ ಅದರ ನಿಯಮಾವಳಿಯಲ್ಲಿ ಒಂದು ಸಾಲು ಇತ್ತು. ಸದಸ್ಯತ್ವ ಬಿಳಿಯ ಗಂಡಸರಿಗೆ ಮಾತ್ರ. ಬಾಯಿಮಾತಿನ ಪದ್ಧತಿಯಲ್ಲ, ಅಚ್ಚು ಹಾಕಿಸಿದ ನಿಯಮ. ಹೆಂಗಸರು ಅದೇ ವರ್ಷ ಸೇಂಟ್ ಲೂಯಿಸ್‌ನಲ್ಲಿ, ನಲವತ್ತು ಜನ ಸೇರಿ, ತಮ್ಮದೇ ಸಂಘ ಕಟ್ಟಿಕೊಂಡರು. ಅಲ್ಲೂ ಬಣ್ಣದ ಬಾಗಿಲು ಹಾಕಿಯೇ ಇತ್ತು. ಕರಿಯ ಆಟಗಾರರು 1939ರಲ್ಲಿ, ಇದೇ ಡೆಟ್ರಾಯಿಟ್‌ನಲ್ಲಿ, ಬೇರೆ ಸಂಘ ಮಾಡಿದರು. ಜಪಾನಿ ಮೂಲದವರಿಗೂ, ಚೀನೀಯರಿಗೂ ಬಾಗಿಲು ಇಲ್ಲ. ನೆನಪಿರಲಿ, ನಾವು ಆಗ ಬಂದಿದ್ದರೆ ನಮಗೂ ಇಲ್ಲ. ನನ್ನ ಮಂಗಳವಾರದ ಲೀಗು, ವೆಜಿಟೇರಿಯನ್ ಅನ್ನುವ ಹೆಸರು, ಎಲ್ಲ ಆಮೇಲಿನ ಪುಣ್ಯ.

ಪಾಳಿಯ ವಿಷಯ ಇಲ್ಲೇ ಬರುವುದು. ಯುದ್ಧದ ಕಾಲದಲ್ಲಿ ಫ್ಯಾಕ್ಟರಿಯಲ್ಲಿ ಕರಿಯರು, ಬಿಳಿಯರು ಒಂದೇ ಪಾಳಿಯಲ್ಲಿ ನಿಂತರು. ಅಕ್ಕಪಕ್ಕ ನಿಂತು ಒಂದೇ ಟ್ಯಾಂಕಿಗೆ ಬೋಲ್ಟು ಹಾಕಿದರು. ಸೈರನ್ ಆಯಿತು, ಎಲ್ಲರೂ ಕೈ ತೊಳೆದರು. ಇವನು ಇಲಾಖೆಯ ತಂಡದ ಜೊತೆ ಬೌಲಿಂಗ್‌ಗೆ ಹೋಗುತ್ತಾನೆ, ಅವನು ಹೋಗುವ ಹಾಗಿಲ್ಲ. ಸಿನಿಮಾ ಹಾಲ್‌ನಲ್ಲೋ ಹೋಟೆಲ್‌ನಲ್ಲೋ ಆಗುವ ಅವಮಾನ ಅಪರಿಚಿತರ ನಡುವೆ. ಇದು ಹಾಗಲ್ಲ. ಎಂಟು ಗಂಟೆ ಜೊತೆಗಿದ್ದವನು ಬಾಗಿಲಲ್ಲಿ ಕಣ್ಣು ತಪ್ಪಿಸುವುದು. ಅಸ್ಪೃಶ್ಯತೆ ಕಂಡ ಊರುಗಳಿಂದ ಬಂದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ಈ ಜಗಳ ಎತ್ತಿಕೊಂಡದ್ದು ಕಾರು ಕೆಲಸಗಾರರ ಯೂನಿಯನ್, ಯುಎಡಬ್ಲ್ಯು. ಸ್ಟ್ರೈಕ್ ಅಂದರೆ ಏನು ಅಂತ ಎರಡೂ ಅರ್ಥದಲ್ಲಿ ಗೊತ್ತಿದ್ದವರು ಅವರೊಬ್ಬರೇ. 1947ರಲ್ಲಿ ಬೌಲಿಂಗ್‌ನಲ್ಲಿ ನ್ಯಾಯಕ್ಕಾಗಿ ಒಂದು ರಾಷ್ಟ್ರೀಯ ಸಮಿತಿ ಆಯಿತು. ಅದರ ಮುಂದಾಳುಗಳಲ್ಲಿ ಒಬ್ಬರು ಆಗ ಮಿನಿಯಾಪೊಲಿಸ್ ಮೇಯರ್ ಆಗಿದ್ದ ಹ್ಯೂಬರ್ಟ್ ಹಂಫ್ರಿ. ಮುಂದೆ ದೇಶದ ಉಪಾಧ್ಯಕ್ಷರಾದರಲ್ಲ, ಅವರೇ. ಅದೇ ವರ್ಷ ಜ್ಯಾಕಿ ರಾಬಿನ್ಸನ್ ಅನ್ನುವ ಕರಿಯ ಆಟಗಾರ, ಅಲ್ಲಿಯವರೆಗೆ ಬಿಳಿಯರದ್ದೇ ಆಗಿದ್ದ ದೊಡ್ಡ ಬೇಸ್‌ಬಾಲ್ ಲೀಗಿನ ಮೈದಾನಕ್ಕೆ ಇಳಿದದ್ದು. ಆ ಕಥೆ ಈ ದೇಶದ ಪ್ರತಿ ಮಗುವಿಗೂ ಗೊತ್ತು. ಇದು ಯಾರಿಗೂ ಗೊತ್ತಿಲ್ಲ. ಬೇಸ್‌ಬಾಲ್‌ನಲ್ಲಿ ಬಾಗಿಲು ತೆರೆದರೆ ಒಳಗೆ ಹೋಗುವವರು ಕೆಲವೇ ಮಂದಿ ಪ್ರತಿಭಾವಂತರು. ಬೌಲಿಂಗ್ ಬಾಗಿಲು ತೆರೆದರೆ ಮೋರಿಗೆ ಹಾಕುವ ನನ್ನಂಥ ಲಕ್ಷಾಂತರ ಜನ. ಯಾವುದು ದೊಡ್ಡದು ಅಂತ ನೀವೇ ಹೇಳಿ.

ಯೂನಿಯನ್ ಜೊತೆ ಚರ್ಚುಗಳು, ಜಪಾನಿ ಮೂಲದವರ ಸಂಘಟನೆ ಎಲ್ಲ ಸೇರಿದವು. ಸಂಘ ಮೂರು ವರ್ಷ ಜಗ್ಗಲಿಲ್ಲ. ಕೊನೆಗೆ ವಿಷಯ ಕೋರ್ಟಿಗೆ ಹೋಯಿತು. 1950ರ ಏಪ್ರಿಲ್‌ನಲ್ಲಿ ಶಿಕಾಗೋದ ನ್ಯಾಯಾಧೀಶರು 2,500 ಡಾಲರ್ ದಂಡ ಹಾಕಿ, ಆ ಸಾಲು ತೆಗೆಯದಿದ್ದರೆ ಇಲಿನಾಯ್‌ನಲ್ಲಿ ನಿಮ್ಮ ನೋಂದಣಿಯೇ ಇರುವುದಿಲ್ಲ ಅಂದರು. ಮೇ ತಿಂಗಳಲ್ಲಿ ಒಹಾಯೋದ ಕೊಲಂಬಸ್‌ನಲ್ಲಿ ಸಭೆ ಸೇರಿ ಸಾಲು ತೆಗೆದರು. ಮನಃಪರಿವರ್ತನೆ ಅಂತೇನೂ ಇಲ್ಲ, ನೋಂದಣಿ ಭಯ. ನನಗೆ ಅದರಲ್ಲಿ ಬೇಸರವಿಲ್ಲ. ಮನಸ್ಸು ಬದಲಾಗಲಿ ಅಂತ ಕಾದಿದ್ದರೆ ಇನ್ನೂ ಕಾಯಬೇಕಿತ್ತು. ಮರುವರ್ಷ ಮಿನಿಸೋಟದ ಸೇಂಟ್ ಪಾಲ್‌ನಲ್ಲಿ ನಡೆದ ಟೂರ್ನಿಯಲ್ಲಿ ಡೆಟ್ರಾಯಿಟ್‌ನ ಕರಿಯರ ತಂಡ ಆಡಿತು.

ಚೀಟಿ ಬಂತು. "ಹತ್ತು ನಿಮಿಷ." ಕೆಳಗೆ ಸಣ್ಣದಾಗಿ "ಬಿಸಿಬೇಳೆಬಾತ್ ಆರುತ್ತಿದೆ" ಅಂತಲೂ ಬರೆದಿದ್ದಾರೆ. ನನ್ನ ಹತ್ತಿರ ಇನ್ನೂ ನಾಲ್ಕು ಪುಟ ಇದೆ. ಓಡುತ್ತೇನೆ.

ಅರಮನೆಗಳು. ಮೆಷಿನ್ ಬಂದ ಮೇಲೆ ಹಾಲ್‌ಗಳು ನೆಲಮಾಳಿಗೆ ಬಿಟ್ಟು ಹೊಸ ಬಡಾವಣೆಗೆ ಬಂದವು. ಕ್ಯಾಲಿಫೋರ್ನಿಯಾದ ಕೋವಿನಾ ಬೌಲ್ 1956ರದ್ದು. ಮುಂದೆ ಈಜಿಪ್ಟಿನ ಪಿರಮಿಡ್ಡಿನ ಹಾಗೆ ಬಾಗಿಲು. ಒಳಗೆ ಹೋಟೆಲು, ಬಾರು, ಮಕ್ಕಳನ್ನು ಬಿಡಲು ಕೋಣೆ. ಮಕ್ಕಳ ಕೋಣೆ ಯಾಕೆ? ಸಂಜೆ ಗಂಡಸರ ಲೀಗ್ ತುಂಬಿರುತ್ತದೆ, ಬೆಳಿಗ್ಗೆ ಲೇನ್ ಖಾಲಿ. ಮನೆಯಲ್ಲಿದ್ದ ಹೆಂಗಸರನ್ನು ಬೆಳಗಿನ ಲೀಗಿಗೆ ಕರೆದರು. ಖಾಲಿ ಬಿದ್ದ ಪಾಳಿ ತುಂಬಿಸಿದರು, ನೋಡಿ! ನಮ್ಮ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಮ್ಯಾರಿಯನ್ ಲಾಡ್‌ವಿಗ್ ಸಾಫ್ಟ್‌ಬಾಲ್ ಆಡುತ್ತಿದ್ದ ಹುಡುಗಿ. ಬೌಲಿಂಗ್‌ಗೆ ಬಂದು ರಾಷ್ಟ್ರಮಟ್ಟದ ಹೆಂಗಸರ ಓಪನ್ ಎಂಟು ಸಲ ಗೆದ್ದಳು. ಎಂಟು ಸಲ.

ಲಾಸ್ ಏಂಜಲೀಸ್‌ನ ಕ್ರೆನ್‌ಶಾ ರಸ್ತೆಯ ಹಾಲಿಡೇ ಬೌಲ್, 1958. ಕಟ್ಟಿಸಿದವರು ಜಪಾನಿ ಮೂಲದ ಅಮೆರಿಕನ್ನರು. ಯುದ್ಧದ ಕಾಲದಲ್ಲಿ ಅವರ ಸಮುದಾಯವನ್ನೇ ಶಿಬಿರಗಳಲ್ಲಿ ಕೂಡಿಹಾಕಿದ್ದರಲ್ಲ, ಅದಾಗಿ ಹದಿನೈದು ವರ್ಷ ಆಗಿರಲಿಲ್ಲ. ಇಪ್ಪತ್ನಾಲ್ಕು ಗಂಟೆ ತೆರೆದಿರುತ್ತಿತ್ತು, ವಿಮಾನ ಫ್ಯಾಕ್ಟರಿಗಳ ಪಾಳಿಯವರಿಗಾಗಿ. ಇದು ನಾನು ಹೇಳುತ್ತಿರುವುದಲ್ಲ, ಅವರ ಬಾಗಿಲು ಹೇಳುತ್ತಿತ್ತು. ಅಲ್ಲಿನ ಕಾಫಿ ಹೋಟೆಲ್‌ನಲ್ಲಿ ಜಪಾನಿನ ಊಡಾನ್, ಚೀನೀ ಚೌಮೀನ್, ದಕ್ಷಿಣದ ಕರಿಯರ ಗ್ರಿಟ್ಸ್ ಎಲ್ಲ ಒಂದೇ ಮೆನುವಿನಲ್ಲಿ. 1950ರಲ್ಲಿ ಅಳಿಸಿದ ಆ ಒಂದು ಸಾಲಿನ ಜಾಗದಲ್ಲಿ ಏನು ಬಂತು ಅಂತ ಕೇಳಿದರೆ ಆ ಮೆನು ತೋರಿಸುತ್ತೇನೆ. 2000ದಲ್ಲಿ ಅದು ಮುಚ್ಚಿತು.

ಟೀವಿ. ಕ್ಯಾಮೆರಾಗೆ ಈ ಆಟದಷ್ಟು ಅನುಕೂಲ ಬೇರೆ ಇಲ್ಲ. ಕಿರಿದಾದ ಲೇನ್, ಆಡುವವನು ಎಲ್ಲಿ ನಿಲ್ಲುತ್ತಾನೆ ಗೊತ್ತು, ಪಿನ್ ಎಲ್ಲಿರುತ್ತದೆ ಗೊತ್ತು. ಸತತ ಆರು ಸ್ಟ್ರೈಕ್ ಹೊಡೆದರೆ ಜ್ಯಾಕ್‌ಪಾಟ್ ಅನ್ನುವ ಒಂದು ಕಾರ್ಯಕ್ರಮ ಬರುತ್ತಿತ್ತು. 1961ರ ಜನವರಿಯಲ್ಲಿ ನಮ್ಮ ಡೆಟ್ರಾಯಿಟ್‌ನ ಥರ್ಮನ್ ಗಿಬ್ಸನ್ ಆರು ಹೊಡೆದು 75,000 ಡಾಲರ್ ತೆಗೆದುಕೊಂಡು ಹೋದ. ಸೇಂಟ್ ಲೂಯಿಸ್‌ನ ಬಡ್‌ವೈಸರ್ ತಂಡ, ಐದು ಜನ, 1958ರಲ್ಲಿ ಮೂರು ಆಟಕ್ಕೆ 3,858. ತಲೆಗೆ ಆಟಕ್ಕೆ 257 ಬರುತ್ತದೆ. 300 ಅಂದರೆ ಒಂದೂ ತಪ್ಪಿಲ್ಲ ಅಂತ ಅರ್ಥ, ನೆನಪಿರಲಿ. ನನ್ನ ಸರಾಸರಿ ಕೇಳಬೇಡಿ. ಆ ತಂಡದ ಡಾನ್ ಕಾರ್ಟರ್ ಮೊಣಕೈ ಮಡಿಚಿ ವಿಚಿತ್ರವಾಗಿ ಹಾಕುತ್ತಿದ್ದ, ನಮ್ಮ ಚಂದ್ರನ ಕೈಯಂತೆ ಅದೂ ಪುಸ್ತಕದಲ್ಲಿ ಇಲ್ಲದ ಕೈ. ನೋಡಿ ಕಾರ್ಯದರ್ಶಿಗಳೇ, ಚಂದ್ರಶೇಖರ್ ಬಂದರು. 1964ರಲ್ಲಿ ಚೆಂಡು ಮಾಡುವ ಕಂಪನಿಯೊಂದು ಕಾರ್ಟರ್ ಜೊತೆ ಹತ್ತು ಲಕ್ಷ ಡಾಲರಿನ ಜಾಹೀರಾತು ಒಪ್ಪಂದ ಮಾಡಿಕೊಂಡಿತು. ಅಷ್ಟು ದೊಡ್ಡ ಒಪ್ಪಂದ ಆವರೆಗೆ ಯಾವ ಕ್ರೀಡಾಪಟುವಿಗೂ ಸಿಕ್ಕಿರಲಿಲ್ಲ. ಬೌಲಿಂಗ್‌ನವನಿಗೆ!

ಬಿದ್ದದ್ದು ಹೇಗೆ? ಎಎಂಎಫ್ ಮೆಷಿನ್ ಬಾಡಿಗೆಗೆ ಕೊಡುತ್ತಿತ್ತು, ಎದುರಾಳಿ ಬ್ರನ್ಸ್‌ವಿಕ್ ಕಂತಿನ ಮೇಲೆ ಮಾರುತ್ತಿತ್ತು. ಕೈಯಿಂದ ಜಾಸ್ತಿ ದುಡ್ಡು ಹಾಕಬೇಕಾಗಿಲ್ಲ ಅಂದರೆ ಯಾರು ಬೇಕಾದರೂ ಹಾಲ್ ಕಟ್ಟಬಹುದು. ಕಟ್ಟಿದರು. ಬೀದಿಗೆ ಎರಡೆರಡು. 1960ರ ದಶಕದ ಶುರುವಿನಲ್ಲೇ ಕಂತು ನಿಂತಿತು, ಷೇರು ಕುಸಿಯಿತು. 1961ರಲ್ಲಿ ಶುರುವಾದ ರಾಷ್ಟ್ರೀಯ ಲೀಗ್ ಒಂದು ಸೀಸನ್ನಿಗೇ ಮುಗಿಯಿತು. ನಮ್ಮ ಡೆಟ್ರಾಯಿಟ್ ತಂಡ ಆಡುತ್ತಿದ್ದದ್ದು ಅಲೆನ್ ಪಾರ್ಕ್‌ನ ಥಂಡರ್‌ಬೌಲ್‌ನಲ್ಲಿ, ಹೋಗಿ ನೋಡಿ. ಇಲ್ಲಿ ನನ್ನ ವಾದ ಸ್ವಲ್ಪ ಕುಂಟುತ್ತದೆ, ಒಪ್ಪುತ್ತೇನೆ. ಆಗ ಫ್ಯಾಕ್ಟರಿಗಳು ಚೆನ್ನಾಗಿಯೇ ನಡೆಯುತ್ತಿದ್ದವು, ಪಾಳಿಯೂ ಇತ್ತು. ಆ ಮೊದಲ ಕುಸಿತ ಬರೀ ದುರಾಸೆ. ಆದರೆ ಲೀಗುಗಳು ಖಾಲಿಯಾದದ್ದು ಫ್ಯಾಕ್ಟರಿ ಹೋದ ಮೇಲೆ. ನನ್ನ ಮಂಗಳವಾರದ ತಂಡದಲ್ಲಿ ಐದು ಜನ ಇದ್ದೆವು. ಪ್ಲಾಂಟ್ ಎರಡನೇ ಪಾಳಿ ನಿಲ್ಲಿಸಿದ ವರ್ಷ ಮೂರಾದೆವು.

ಇನ್ನೊಂದೇ. ಇದನ್ನ ಬಿಟ್ಟು ಊಟಕ್ಕೆ ಏಳುವುದಿಲ್ಲ. ಸೌತ್ ಕ್ಯಾರೊಲೈನದ ಆರೆಂಜ್‌ಬರ್ಗ್. 1968. ಸಂಘದ ನಿಯಮ ಹೋಗಿ ಹದಿನೆಂಟು ವರ್ಷ, ನಾಗರಿಕ ಹಕ್ಕುಗಳ ಕಾಯ್ದೆ ಬಂದು ನಾಲ್ಕು ವರ್ಷ. ಆದರೂ ಆ ಊರಿನ ಒಂದೇ ಒಂದು ಬೌಲಿಂಗ್ ಹಾಲ್‌ಗೆ ಕರಿಯರನ್ನು ಬಿಡುತ್ತಿರಲಿಲ್ಲ. ಕಾಲೇಜು ಹುಡುಗರು ಪ್ರತಿಭಟನೆ ಮಾಡಿದರು. ಫೆಬ್ರವರಿ 8ರ ರಾತ್ರಿ ಕಾಲೇಜಿನ ಆವರಣದಲ್ಲಿ ಹೆದ್ದಾರಿ ಪೊಲೀಸರು ಗುಂಡು ಹಾರಿಸಿದರು. ಸ್ಯಾಮ್ಯುಯೆಲ್ ಹ್ಯಾಮಂಡ್, ಹೆನ್ರಿ ಸ್ಮಿತ್, ಡೆಲಾನೊ ಮಿಡ್ಲ್‌ಟನ್ ಸತ್ತರು. ಡೆಲಾನೊ ಇನ್ನೂ ಹೈಸ್ಕೂಲು. ಇಪ್ಪತ್ತೈದಕ್ಕೂ ಹೆಚ್ಚು ಜನಕ್ಕೆ ಗಾಯ. ಗುಂಡು ಹಾರಿಸಿದವರಿಗೆ ಶಿಕ್ಷೆ ಆಗಲಿಲ್ಲ.

ಟ್ರೂಮನ್ ಅಧ್ಯಕ್ಷರಿಗೆ ಶ್ವೇತಭವನದಲ್ಲಿ ಲೇನ್ ಹಾಕಿಸಿಕೊಟ್ಟ ಕಥೆ ಇತ್ತು, 1947ರದ್ದು, ಮೊದಲ ಚೆಂಡಿಗೆ ಏಳು ಪಿನ್ ಬೀಳಿಸಿದರು. ಅದು ಊಟ ಮಾಡುತ್ತಾ ಹೇಳುತ್ತೇನೆ.

ಈ ಪಿನ್ ಕೈಯಿಂದ ಕೈಗೆ ಹೋಗಲಿ. ಕುಂಕುಮ ಒರೆಸಿ ಕೊಡಿ. ಹೊಟ್ಟೆಯ ಹತ್ತಿರ ಕಪ್ಪು ಗೆರೆಗಳಿವೆ ನೋಡಿ, ಅದು ಚೆಂಡು ಬಡಿದ ಗುರುತು. ಅಡಿಯಲ್ಲಿ ತಿರುಗಿಸಿ ನೋಡಿದರೆ ಯಾರೋ ಪೆನ್ನಿನಲ್ಲಿ ಲೇನ್ ನಂಬರ್ ಬರೆದಿದ್ದಾರೆ, 14. ಹಿಂದಿನ ಸಾಲಿನವರಿಗೂ ಕೊಡಿ. ವಾಪಸ್ ಬರಬೇಕು.